ಪಕ್ಕದ ಮೇಜಿನ ಸಂಬಳ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಾಗ ನಮ್ಮ ಯಜಮಾನರು ಸ್ನೇಹಿತರಿಗೆಲ್ಲ, “ಇವಳೂ ಎಲೆಕ್ಟ್ರಾನಿಕ್ಸ್‌ನಲ್ಲಿದ್ದಾಳೆ” ಎಂದು ಹೇಳುತ್ತಿದ್ದರು. ಅದು ಸುಳ್ಳೇನಲ್ಲ. ಕಂಪ್ಯೂಟರಿನ ಹಸಿರು ಬೋರ್ಡಿನ ತೂತುಗಳಿಗೆ ಅಕ್ಕಿಕಾಳಿನಷ್ಟು ಸಣ್ಣ ಬಿಡಿಭಾಗಗಳನ್ನು ಸಿಕ್ಕಿಸಿ ಹಿಂಬದಿಯಿಂದ ಬೆಸುಗೆ ಹಾಕುವುದು ನನ್ನ ಕೆಲಸವಾಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಅಪಾರ್ಟ್‌ಮೆಂಟಿನಿಂದ ಕಾರ್ಖಾನೆಗೆ ಬಸ್ಸಿನಲ್ಲಿ ಕಾಲು ಗಂಟೆ. ಮಗಳಿಗೆ ನಾಲ್ಕು ತುಂಬಿತ್ತು, ಡೇಕೇರಿಗೆ ಹೋಗುತ್ತಿದ್ದಳು. ಮೈಸೂರಿನಲ್ಲಿ ಪಡೆದ ಬಿ.ಎಸ್ಸಿ. ಪದವಿಯನ್ನು ಇಲ್ಲಿ ಯಾರೂ ಕೇಳುವುದಿಲ್ಲ ಎಂಬುದು ಎರಡು ವರ್ಷ ಅರ್ಜಿ ಹಾಕಿದ ಮೇಲೆ ನನಗೆ ಗೊತ್ತಾಗಿತ್ತು.

ನಮ್ಮ ಸಾಲಿನಲ್ಲಿ ಹದಿನಾರು ಜನ. ಹದಿನಾಲ್ಕು ಹೆಂಗಸರು, ಹಿಂದಿನ ಬೇಸಿಗೆಯಲ್ಲಿ ಸೇರಿದ ಇಬ್ಬರು ಗಂಡಸರು. ಗಾಜಿನ ಗೋಡೆಯ ಆಚೆ ಇಂಜಿನಿಯರುಗಳು ಕೂರುತ್ತಿದ್ದರು. ಅವರಲ್ಲಿ ಒಬ್ಬಿಬ್ಬರು ನಮ್ಮ ದೇಶದವರೂ ಇದ್ದರು. ಕಾಫಿ ತರಲು ಬಂದಾಗ ನನ್ನನ್ನು ಕಂಡು ಅರ್ಧ ನಗುತ್ತಿದ್ದರು, ಹೆಸರು ಕೇಳುತ್ತಿರಲಿಲ್ಲ.

ನನಗೆ ಕೆಲಸ ಕಲಿಸಿದವಳು ಪಕ್ಕದ ಮೇಜಿನ ಹೆಂಗಸು. ಅವಳ ತಂದೆ ತಾಯಿ ಮೆಕ್ಸಿಕೋದಿಂದ ಬಂದವರು, ಅವಳು ಇಲ್ಲೇ ಹುಟ್ಟಿದವಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಕಾರ್ಖಾನೆಯಲ್ಲಿ ಎಂಟು ವರ್ಷ ಕಳೆದಿದ್ದಳು. ಬೆಸುಗೆ ಹಾಕುವಾಗ ಉಸಿರು ಎತ್ತ ಕಡೆ ಬಿಡಬೇಕು, ಹೊಗೆ ಕಣ್ಣಿಗೆ ಬರದಂತೆ ತಲೆ ಎಷ್ಟು ಓರೆ ಮಾಡಬೇಕು ಎಂಬುದನ್ನು ಅವಳು ಬಾಯಲ್ಲಿ ಹೇಳಲಿಲ್ಲ, ನನ್ನ ಗಲ್ಲ ಹಿಡಿದು ತಿರುಗಿಸಿ ತೋರಿಸಿದಳು. ಅವಳು ಮಾಡಿದ ಬೋರ್ಡು ತಪಾಸಣೆಯಿಂದ ವಾಪಸು ಬಂದದ್ದನ್ನು ನಾನು ನೋಡಿದ್ದಿಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ ಕಿಟಕಿಯಾಚೆಗಿನ ಕಾರ್ ಪಾರ್ಕು ತೋರಿಸಿ ಅವಳು ಹೇಳಿದ್ದಳು: “ನಾನು ಚಿಕ್ಕವಳಿದ್ದಾಗ ಇಲ್ಲೆಲ್ಲಾ ಏಪ್ರಿಕಾಟ್ ತೋಟ. ನಮ್ಮಮ್ಮ ಹಣ್ಣು ಡಬ್ಬಿಗೆ ತುಂಬೋ ಫ್ಯಾಕ್ಟರೀಲಿ ಇದ್ದಳು. ಅಲ್ಲಿ ಯೂನಿಯನ್ ಇತ್ತು. ಹಣ್ಣಿಗೆ ಇತ್ತು ನೋಡು, ಕಂಪ್ಯೂಟರಿಗೆ ಇಲ್ಲ.”

ಯೂನಿಯನ್ ಎಂದರೆ ನಮ್ಮ ಮನೆಯಲ್ಲಿ ಒಳ್ಳೆಯ ಮಾತಾಗಿರಲಿಲ್ಲ. ನಮ್ಮ ತಂದೆ ಮೈಸೂರಿನ ಒಂದು ಗಿರಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಕೆಲಸಗಾರರು ಮುಷ್ಕರ ಹೂಡಿದರು. ತಂದೆ ಅಷ್ಟು ದಿನವೂ ಹಿಂದಿನ ಗೇಟಿನಿಂದ ಒಳಗೆ ಹೋಗಿ ಕೆಲಸ ಮಾಡಿ ಬಂದರು. ಬೀದಿಯ ನಲ್ಲಿಯ ಹತ್ತಿರ ಹೆಂಗಸರು ಅಮ್ಮನ ಬಿಂದಿಗೆಗೆ ಜಾಗ ಬಿಡುವುದನ್ನು ನಿಲ್ಲಿಸಿದರು. ಅಮ್ಮ ಎಲ್ಲರದೂ ಮುಗಿಯುವವರೆಗೆ ಕಾದು ಕೊನೆಯಲ್ಲಿ ನೀರು ಹಿಡಿದು ತರುತ್ತಿದ್ದಳು. ತಪ್ಪು ಯಾರದೆಂದು ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ನಾನು ಸೇರಿ ಆರು ತಿಂಗಳಾಗಿತ್ತು. ಒಂದು ಶುಕ್ರವಾರ ಸಂಬಳದ ಚೀಟಿ ಹಂಚಿದರು. ಪಕ್ಕದ ಮೇಜಿನವಳ ಕನ್ನಡಕದ ಮೇಲೆ ಹಿಂದಿನ ಸಂಜೆ ಅವಳ ಮಗ ಕೂತುಬಿಟ್ಟಿದ್ದ. ಚೀಟಿ ನನ್ನ ಕೈಗೆ ಕೊಟ್ಟು ಕೇಳಿದಳು: “ಶನಿವಾರ ಬಂದಿದ್ದೆನಲ್ಲ, ಆ ಗಂಟೆ ಸೇರಿಸಿದಾರಾ ನೋಡು.”

ಸೇರಿಸಿದ್ದರು. ಅದನ್ನು ಹುಡುಕುವಾಗ ಮೇಲಿನ ಸಾಲಿನಲ್ಲಿ ಗಂಟೆಗೆ ಎಷ್ಟು ಎಂಬುದೂ ಕಣ್ಣಿಗೆ ಬಿತ್ತು. ನನ್ನದಕ್ಕಿಂತ ನಲವತ್ತು ಸೆಂಟು ಕಡಿಮೆ. ಎಂಟು ವರ್ಷದವಳಿಗೆ, ನನಗೆ ಕೆಲಸ ಕಲಿಸಿದವಳಿಗೆ.

“ಇದೆ. ಐದು ಗಂಟೆ ಓವರ್‌ಟೈಮು,” ಎಂದು ಹೇಳಿ ಚೀಟಿ ಮಡಿಸಿ ಕೊಟ್ಟೆ.

ಸಂಬಳದ ವಿಷಯ ಒಬ್ಬರಿಗೊಬ್ಬರು ಹೇಳಿಕೊಳ್ಳಬಾರದು ಎಂಬುದು ಆ ಕಂಪನಿಯ ನಿಯಮ. ಸೇರುವ ದಿನವೇ ಸಹಿ ಹಾಕಿಸಿಕೊಂಡಿದ್ದರು. ನನ್ನ ಹತ್ತಿರ ನಿಯಮ ಇತ್ತು, ಹಾಗಾಗಿ ಸುಮ್ಮನಿರಲು ಕಾರಣ ಹುಡುಕಬೇಕಾಗಿರಲಿಲ್ಲ. ಆದರೂ ಮುಂದಿನ ವಾರವೆಲ್ಲ ಅವಳು ತನ್ನ ಡಬ್ಬಿಯಿಂದ ನನಗೆ ಏನಾದರೂ ಕೊಟ್ಟರೆ ತೆಗೆದುಕೊಳ್ಳುವುದು ಕಷ್ಟವಾಯಿತು. ಬೀನ್ಸು ಹಾಕಿದ ಅವಳ ರೊಟ್ಟಿ ನನಗೆ ಬಹಳ ಇಷ್ಟ. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿದೆ.

ಆ ಭಾನುವಾರ ಪಕ್ಕದ ಊರು ಲಾಸ್ ಆಲ್ಟೋಸ್‌ನ ಒಬ್ಬ ಡಾಕ್ಟರ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಹಾಸನದ ಕಡೆಯವರು, ಬಹಳ ಹಿಂದೆಯೇ ಬಂದು ನೆಲೆಸಿದ್ದವರು. ಬಿಸಿಬೇಳೆ ಭಾತ್ ಬಡಿಸುವ ಹೊತ್ತಿಗೆ ಮಾತು ರಾಜಕೀಯಕ್ಕೆ ತಿರುಗಿತು. ಮುಷ್ಕರ ಮಾಡಿದ, ವಿಮಾನ ಸಂಚಾರ ನಿಯಂತ್ರಿಸುವ ಸರ್ಕಾರಿ ನೌಕರರನ್ನು ಅಧ್ಯಕ್ಷರು ಸಾರಾಸಗಟಾಗಿ ಮನೆಗೆ ಕಳಿಸಿದ್ದರು. ಡಾಕ್ಟರಿಗೆ ಅದು ಬಹಳ ಹಿಡಿಸಿತ್ತು.

“ಹಾಗೇ ಮಾಡಬೇಕು ರೀ,” ಎಂದರು. “ನಮ್ಮೂರಲ್ಲಿ ಯೂನಿಯನ್ನು ಅಂತ ಹೇಳಿ ಫ್ಯಾಕ್ಟರಿಗಳನ್ನೆಲ್ಲಾ ಹಾಳು ಮಾಡಿಬಿಟ್ರು. ಇಲ್ಲಿ ಹಾಗಲ್ಲ. ದುಡಿದವನಿಗೆ ದುಡಿದಷ್ಟು.”

ನಾನು ಯೋಚಿಸದೆ ಕೇಳಿಬಿಟ್ಟೆ: “ನನಗೆ ಕೆಲಸ ಕಲಿಸಿದವಳಿಗೆ ನನಗಿಂತ ಕಮ್ಮಿ ಕೊಟ್ರೆ, ಅದು ಹೇಗೆ ದುಡಿದಷ್ಟು ಆಗುತ್ತೆ?”

ಡಾಕ್ಟರು ನಕ್ಕರು. “ಅದು ಹಾಗಲ್ಲಮ್ಮಾ. ನೀನು ಗ್ರಾಜುಯೇಟು. ಕಂಪನಿ ನಿನ್ನ ಡಿಗ್ರಿಗೆ ಕೊಡುತ್ತೆ.”

“ಅಲ್ಲಿ ಡಿಗ್ರಿ ಕೆಲಸ ಏನೂ ಇಲ್ಲ. ತೂತಿಗೆ ಸಿಕ್ಕಿಸೋದು.”

ಯಜಮಾನರು ನನ್ನ ಕಡೆ ನೋಡಿದರು. ನಾನು ಏನು ಕೆಲಸ ಮಾಡುತ್ತೇನೆಂದು ಆ ಮನೆಯಲ್ಲಿ ಮೊದಲ ಸಲ ಎಲ್ಲರಿಗೂ ತಿಳಿದದ್ದು ಆಗ. ಯಾರೋ ಉಪ್ಪಿನಕಾಯಿ ಕೇಳಿದರು, ಮಾತು ಬೇರೆ ಕಡೆ ಹೋಯಿತು. ಮನೆಗೆ ಬರುವಾಗ ಕಾರಿನಲ್ಲಿ ಇವರು ಬೈಯಲಿಲ್ಲ. “ಅವರ ಮನೇಲಿ ಅದೆಲ್ಲಾ ಯಾಕೆ ಬೇಕಿತ್ತು,” ಎಂದಷ್ಟೇ ಅಂದರು.

ಮಾರನೆಯ ದಿನ ಕೆಲಸ ಬಿಟ್ಟ ಮೇಲೆ ಅವಳು ಕಾರಿನ ಬಾಗಿಲು ತೆಗೆಯುವಾಗ ಹತ್ತಿರ ಹೋಗಿ ನನ್ನ ಸಂಬಳ ಎಷ್ಟೆಂದು ಹೇಳಿದೆ. ಅವಳು ಕೀಲಿಕೈಯನ್ನು ಬಾಗಿಲಲ್ಲೇ ಬಿಟ್ಟು ತಿರುಗಿದಳು.

“ಅವತ್ತೇ ಗೊತ್ತಾಯ್ತಾ ನಿನಗೆ?”

“ಹೂಂ.”

“ಹತ್ತು ದಿನ ಆಯ್ತಲ್ಲ.”

ಅವಳು ಬಾಗಿಲು ತೆಗೆದು, “ನಿನಗೆ ಜಾಸ್ತಿ ಕೊಟ್ಟರು ಅಂತ ನಿನ್ನ ಮೇಲೆ ಕೋಪ ಇಲ್ಲ,” ಎಂದಳು. ಕಾರು ಹತ್ತಿ ಗಾಜು ಇಳಿಸಿದಳು. “ಸ್ವಲ್ಪ ಇದೆ,” ಎಂದು ಹೇಳಿ ಹೋದಳು.

ಅವಳು ಕೂತು ಅಳುವ ಜಾತಿಯವಳಲ್ಲ. ಎರಡು ದಿನದ ಮೇಲೆ ಊಟದ ಕೋಣೆಯಲ್ಲಿ ಒಂದು ಕಾಗದದ ತಟ್ಟೆಯನ್ನು ಬೋರಲು ಹಾಕಿ, ಪೆನ್ನಿನಿಂದ ಅದರ ಹಿಂಭಾಗದಲ್ಲಿ ತನ್ನ ಸಂಬಳ ಬರೆದು ಪಕ್ಕದವಳ ಕಡೆಗೆ ಸರಿಸಿದಳು. ಯಾರೂ ಹೆಸರು ಬರೆಯಲಿಲ್ಲ, ಅಂಕಿ ಮಾತ್ರ. ನಾನೂ ಬರೆದೆ. ಒಬ್ಬಳು ಬರೆಯಲಿಲ್ಲ. ಫಿಲಿಪೀನ್ಸಿನ ವಯಸ್ಸಾದ ಹೆಂಗಸು, ಅಧ್ಯಕ್ಷರ ಫೋಟೋವನ್ನು ತನ್ನ ಲಾಕರಿನ ಒಳಗೆ ಅಂಟಿಸಿಕೊಂಡಿದ್ದವಳು. “ಈ ದೇಶ ನನಗೆ ಅನ್ನ ಕೊಟ್ಟಿದೆ. ನಾನು ಇದಕ್ಕೆಲ್ಲ ಬರಲ್ಲ,” ಎಂದು ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಆ ಇಬ್ಬರು ಗಂಡಸರಲ್ಲಿ ಒಬ್ಬ, ಹುಡುಗಾಟದ ಮನುಷ್ಯ, ಇದೇನೋ ಆಟವೆಂದುಕೊಂಡು ತನ್ನದನ್ನೂ ಬರೆದ. ಅವನದು ಎಲ್ಲರಿಗಿಂತ ಜಾಸ್ತಿ. ಆಟ ಅಲ್ಲಿಗೆ ನಿಂತಿತು. ಅವನ ಮುಖ ಕೆಂಪಾಯಿತು. “ನಾನು ಕೇಳಿದ್ದಲ್ಲ, ಅವರೇ ಕೊಟ್ಟಿದ್ದು,” ಎಂದ. ಅದೂ ನಿಜವೇ.

ಆ ವಾರದ ಕೊನೆಯಲ್ಲಿ ಮ್ಯಾನೇಜರು ನನ್ನನ್ನು ಗಾಜಿನ ಆಚೆಗೆ ಕರೆದರು. ಸಭ್ಯ ಮನುಷ್ಯ, ದನಿ ಎತ್ತುತ್ತಿರಲಿಲ್ಲ. ಕುರ್ಚಿ ತೋರಿಸಿದರು. ತಟ್ಟೆಯ ವಿಷಯ ಕೇಳುತ್ತಾರೆಂದುಕೊಂಡಿದ್ದೆ. ಅವರು ಆ ಮಾತೇ ಎತ್ತಲಿಲ್ಲ.

“ನೀವು ಓದಿದವರು. ಅವರೆಲ್ಲ ನಿಮ್ಮ ಮಾತು ಕೇಳುತ್ತಾರೆ,” ಎಂದರು. “ಈ ಸಾಲಿಗೆ ಒಬ್ಬ ಲೀಡ್ ಬೇಕು.”

ಲೀಡ್ ಎಂದರೆ ಸಾಲಿನ ಮೇಲ್ವಿಚಾರಕಿ. ಬೆಸುಗೆಯ ಹೊಗೆ ಇಲ್ಲ, ಓಡಾಡಿಕೊಂಡು ನೋಡುವುದು, ಪಟ್ಟಿ ಬರೆಯುವುದು. ನನಗೆ ಆಸೆಯಾಯಿತು. ಇದನ್ನು ಬೇರೆ ರೀತಿಯಲ್ಲಿ ಹೇಳುವುದಕ್ಕೆ ಆಗುವುದಿಲ್ಲ.

ಮನೆಯಲ್ಲಿ ಹೇಳಿದಾಗ ಇವರಿಗೆ ಸಂತೋಷವಾಯಿತು. “ಗ್ರೀನ್ ಕಾರ್ಡ್ ಈಗ ತಾನೇ ಬಂದಿದೆ. ಸಿಟಿಜನ್ ಆಗೋ ತನಕ ತಲೆ ತಗ್ಗಿಸ್ಕೊಂಡು ಇರೋಣ. ಒಳಗಿದ್ರೆ ನೀನೇ ಅವರಿಗೆ ಏನಾದ್ರೂ ಸಹಾಯ ಮಾಡಬಹುದಲ್ಲ,” ಎಂದರು.

“ನನಗೂ ಹಾಗೇ ಅನ್ನಿಸ್ತು ರೀ,” ಎಂದೆ.

ಸೋಮವಾರದಿಂದ ನಾನು ಸಾಲಿನವರ ಬಿಳಿ ಕೋಟು ಬಿಟ್ಟು ಲೀಡಿನ ನೀಲಿ ಕೋಟು ಹಾಕಿಕೊಂಡೆ. ಪಕ್ಕದ ಮೇಜಿನವಳು ಊಟದ ಕೋಣೆಯಲ್ಲಿ ನನಗಾಗಿ ಹಿಡಿದಿಡುತ್ತಿದ್ದ ಜಾಗದಲ್ಲಿ ಬೇರೆಯವರು ಕೂತಿದ್ದರು. ಅವಳು ನನ್ನೊಡನೆ ಜಗಳವಾಡಲಿಲ್ಲ. ಕೆಲಸದ ಮಾತಿಗೆ ಕೆಲಸದ ಉತ್ತರ ಕೊಡುತ್ತಿದ್ದಳು, ಅಷ್ಟೇ.

ಮೂರನೆಯ ವಾರ ಮ್ಯಾನೇಜರು ಒಂದು ಸಣ್ಣ ಕೆಲಸ ಹೇಳಿದರು. ಬಿಡುವು ಮುಗಿದ ಮೇಲೂ ಗುಂಪು ಕಟ್ಟಿಕೊಂಡು ಮಾತಾಡುವವರು ಯಾರೆಂದು ಬರೆದು ಕೊಡಬೇಕು. ಕೆಲಸದ ವೇಗ ತಿಳಿಯುವುದಕ್ಕೆ ಎಂದರು. ನಾನು ಇಬ್ಬರ ಹೆಸರು ಬರೆದುಕೊಟ್ಟೆ. ಪಕ್ಕದ ಮೇಜಿನವಳದ್ದನ್ನು ಬರೆಯಲಿಲ್ಲ. ಬರೆದ ಇಬ್ಬರಲ್ಲಿ ಒಬ್ಬಳಿಗೆ, ವಿಯೆಟ್ನಾಮಿನಿಂದ ಬಂದ, ಇಂಗ್ಲಿಷು ಸರಿಯಾಗಿ ಬಾರದ ಹೆಂಗಸಿಗೆ, ಎಚ್ಚರಿಕೆಯ ಪತ್ರ ಬಂತು. ಅವಳು ಆ ಪತ್ರವನ್ನು ನನ್ನ ಹತ್ತಿರವೇ ತಂದು, ಇದರಲ್ಲಿ ಏನಿದೆ ಎಂದು ಕೇಳಿದಳು. ನಾನು ಓದಿ ಹೇಳಿದೆ. ಹೆಸರು ಕೊಟ್ಟವಳು ನಾನೇ ಎಂದು ಹೇಳಲಿಲ್ಲ. ಅವಳು ನನಗೆ ಎರಡು ಸಲ ಥ್ಯಾಂಕ್ಸ್ ಹೇಳಿ ಹೋದಳು.

ಅವತ್ತು ಸಂಜೆ ಮಗಳನ್ನು ಡೇಕೇರಿನಿಂದ ಕರೆತರುವಾಗ ಬಸ್ ಸ್ಟಾಪಿನಲ್ಲಿ ಕೂತು ಎರಡು ಬಸ್ಸು ಬಿಟ್ಟೆ. ಮಗಳು “ಮಮ್ಮಿ, ದಟ್ಸ್ ಅವರ್ ಬಸ್” ಎಂದು ಕೈ ಹಿಡಿದು ಎಳೆಯುತ್ತಿದ್ದಳು. ನಲ್ಲಿಯ ಹತ್ತಿರ ಕಾಯುತ್ತ ನಿಂತಿದ್ದ ಅಮ್ಮ ಕಣ್ಣೆದುರಿಗೆ ಬಂದಳು. ಆ ವಯಸ್ಸಿನಲ್ಲಿ ನನಗೆ ನೀರು ಬಿಡದ ಹೆಂಗಸರ ಮೇಲೆ ಸಿಟ್ಟಿತ್ತು. ಗೇಟಿನ ಹೊರಗೆ ನಿಂತಿದ್ದ ಅವರ ಗಂಡಂದಿರ ಮನೆಯಲ್ಲಿ ಆ ದಿನಗಳಲ್ಲಿ ಏನು ಬೇಯುತ್ತಿತ್ತು ಎಂದು ಯೋಚಿಸಿದ್ದೇ ಇಲ್ಲ.

ಮುಂದಿನ ತಿಂಗಳು ಪಕ್ಕದ ಮೇಜಿನವಳು ತಾನಾಗಿಯೇ ನನ್ನ ಹತ್ತಿರ ಬಂದಳು. ಅವಳೂ ಇನ್ನು ಕೆಲವರೂ ಸೇರಿ, ಒಂದೇ ಕೆಲಸಕ್ಕೆ ಗಂಡಸರಿಗೆ ಜಾಸ್ತಿ ಕೊಡುತ್ತಿದ್ದಾರೆಂದು ಸರ್ಕಾರದ ಕಾರ್ಮಿಕ ಕಚೇರಿಗೆ ದೂರು ಕೊಟ್ಟಿದ್ದರು. ವಿಚಾರಣೆ ಓಕ್ಲ್ಯಾಂಡಿನಲ್ಲಿ. ಕೆಲಸ ಎರಡೂ ಒಂದೇ ಅಲ್ಲ, ಗಂಡಸರದು ಹೆಚ್ಚು ಜವಾಬ್ದಾರಿಯದು ಎಂದು ಕಂಪನಿ ಉತ್ತರ ಕೊಟ್ಟಿತ್ತು.

“ನೀನು ಲೀಡು. ಯಾರು ಏನು ಮಾಡ್ತಾರೆ ಅಂತ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ,” ಎಂದಳು. “ಬಂದು ಹೇಳ್ತೀಯಾ?”

“ಹೇಳಿದ್ರೆ ನನ್ನ ಕೆಲಸ ಹೋಗುತ್ತೆ.”

“ಹೋಗಬಹುದು,” ಎಂದಳು. ಹೋಗುವುದಿಲ್ಲ ಎಂದು ಹೇಳಿದ್ದರೆ ನಾನು ಬಹುಶಃ ಒಪ್ಪುತ್ತಿರಲಿಲ್ಲ.

ಇವರಿಗೆ ಹೇಳಿದೆ. ನಾವು ಮದುವೆಯಾದ ಮೇಲೆ ಆಡಿದ ದೊಡ್ಡ ಜಗಳ ಅದು. “ಅವಳು ಇಲ್ಲಿ ಹುಟ್ಟಿದವಳು ಕಣೇ! ನಾವು ನೆನ್ನೆ ಬಂದವರು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?” ಎಂದು ಕೂಗಿದರು. ನಾನು ಹೆಸರು ಬರೆದುಕೊಟ್ಟ ಸಂಗತಿಯನ್ನು ಅವರಿಗೆ ಆಗ ಹೇಳಿದೆ. ಅವರು ಎದ್ದು ಹೋಗಿ ಮಲಗಿದ್ದ ಮಗಳ ಹೊದಿಕೆ ಸರಿಮಾಡಿ ಬಂದರು. ಆಮೇಲೆ, “ಹೋಗಿ ಬಾ. ಆದ್ರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು,” ಎಂದರು.

ಅವಳ ಕಾರಿನಲ್ಲೇ ಹೋದೆವು. ಫ್ರೀವೇಯ ಕೊನೆಯಲ್ಲಿ ಬಂದರಿನ ಕ್ರೇನುಗಳು ಕಂಡವು, ಪೆಟ್ಟಿಗೆಗಳನ್ನು ಎತ್ತಿ ಹಡಗಿಗೆ ಇಡುತ್ತಿದ್ದವು. ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಉದ್ದ ಮೇಜು, ನೀರಿನ ಹೂಜಿ, ಗೋಡೆಯ ಮೇಲೆ ಗಡಿಯಾರ. ವಿಚಾರಣೆ ಮಾಡಿದ ಅಧಿಕಾರಿ ಐವತ್ತರ ಆಸುಪಾಸಿನ ಕಪ್ಪು ಹೆಂಗಸು. ಚಳಿಯೆಂದು ಹೆಗಲ ಮೇಲೆ ಸ್ವೆಟರ್ ಹಾಕಿಕೊಂಡಿದ್ದರು. ಎದುರಿಗೆ ಮ್ಯಾನೇಜರು, ಅವರ ಪಕ್ಕದಲ್ಲಿ ಕಂಪನಿಯ ವಕೀಲ.

“ಆ ಇಬ್ಬರು ಗಂಡಸರು ಮಾಡುವ ಕೆಲಸವೂ ಈ ಹೆಂಗಸರು ಮಾಡುವ ಕೆಲಸವೂ ಒಂದೇ ಏನು?” ಎಂದು ಅಧಿಕಾರಿ ಕೇಳಿದರು.

“ಒಂದೇ.”

“ಏನೂ ವ್ಯತ್ಯಾಸ ಇಲ್ಲವೆ?”

“ಇದೆ. ಈ ಹೆಂಗಸರು ಬೇಗ ಮಾಡುತ್ತಾರೆ.”

ಅಧಿಕಾರಿ ಬರೆದುಕೊಂಡರು. ವಕೀಲನ ಸರದಿ ಬಂತು.

“ಕಂಪನಿ ನಿಮಗೆ ಬಡ್ತಿ ಕೊಟ್ಟಿದೆ. ಕಂಪನಿಯ ಮೇಲೆ ನಿಮಗೆ ದೂರಿದೆಯೆ?”

“ಇಲ್ಲ.”

“ಹಾಗಾದರೆ ಲೀಡ್ ಆಗಿ ನಿಮ್ಮ ಮೇಲೆ ಯಾವ ಒತ್ತಡವನ್ನೂ ಹಾಕಿಲ್ಲ ಎನ್ನಬಹುದಲ್ಲವೆ?”

ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಎಂದು ಯಜಮಾನರು ಹೇಳಿದ್ದರು. ಇದು ಕೇಳಿದ್ದೇ. ಮಾತಾಡುವವರ ಹೆಸರು ಬರೆದು ಕೊಡಲು ಹೇಳಿದ್ದರೆಂದೂ, ನಾನು ಇಬ್ಬರ ಹೆಸರು ಬರೆದು ಕೊಟ್ಟೆನೆಂದೂ, ಒಬ್ಬಳಿಗೆ ಪತ್ರ ಬಂತೆಂದೂ ಹೇಳಿದೆ. ಹೇಳುವಾಗ ನನ್ನ ಇಂಗ್ಲಿಷು ತೊದಲಿತು. ಮ್ಯಾನೇಜರು ಮೇಜಿನ ಮೇಲಿದ್ದ ತಮ್ಮ ಕೈಗಳನ್ನು ನೋಡುತ್ತಿದ್ದರು. ಪಕ್ಕದ ಮೇಜಿನವಳು ನನ್ನ ಮುಖ ನೋಡುತ್ತಿದ್ದಾಳೆಂದು ತಿರುಗದೆಯೇ ನನಗೆ ಗೊತ್ತಾಗುತ್ತಿತ್ತು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಅವಳು ಕೇಳಿದಳು, “ಆ ಪತ್ರ ಬಂದವಳಿಗೆ ಹೇಳಿದೀಯಾ?”

“ಇಲ್ಲ.”

“ನಾಳೆ ಹೇಳು. ಬೇರೆಯವರು ಹೇಳೋ ಮುಂಚೆ.”

ಹೇಳಿದೆ. ಅವಳಿಗೆ ನನ್ನ ಮಾತು ಪೂರ್ತಿ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿ ತನ್ನ ಕೆಲಸಕ್ಕೆ ತಿರುಗಿದಳು. ಅವಳು ಆಮೇಲೆ ನನಗೆ ಥ್ಯಾಂಕ್ಸ್ ಹೇಳಿದ ನೆನಪಿಲ್ಲ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಲೀಡ್ ಹುದ್ದೆ ಇನ್ನು ಬೇಡವೆಂದು ತೀರ್ಮಾನವಾಯಿತು, ನಾನು ಮತ್ತೆ ಬಿಳಿ ಕೋಟು ಹಾಕಿಕೊಂಡು ಮೇಜಿಗೆ ಬಂದೆ. ಒಂದೆರಡು ತಿಂಗಳಲ್ಲಿ ಕಚೇರಿಯಿಂದ ಆದೇಶ ಬಂತು. ಹೆಂಗಸರ ಸಂಬಳವನ್ನು ಆ ಇಬ್ಬರು ಗಂಡಸರ ಸಂಬಳಕ್ಕೆ ಸಮ ಮಾಡಿದರು. ಸಂಬಳದ ಬಗ್ಗೆ ಮಾತಾಡಬಾರದೆಂಬ ಕಾಗದಕ್ಕೆ ಹೊಸಬರಿಂದ ಸಹಿ ಹಾಕಿಸಿಕೊಳ್ಳುವುದು ನಿಂತಿತು. ತಟ್ಟೆಯನ್ನು ತಳ್ಳಿದ್ದ ಫಿಲಿಪೀನ್ಸಿನ ಹೆಂಗಸಿಗೂ ಹೆಚ್ಚಾಯಿತು. ಅವಳು ಆ ಶುಕ್ರವಾರ ಒಂದು ಡಬ್ಬಿ ತುಂಬ ತೆಂಗಿನಕಾಯಿಯ ಸಿಹಿ ಮಾಡಿಕೊಂಡು ಬಂದು ಎಲ್ಲರ ಮೇಜಿಗೂ ಹಂಚಿದಳು, ಏಕೆಂದು ಹೇಳಲಿಲ್ಲ.

ಒಂದು ವರ್ಷವೂ ತುಂಬಲಿಲ್ಲ, ಇಡೀ ಸಾಲನ್ನು ಮಲೇಶಿಯಾಕ್ಕೆ ಸಾಗಿಸುವುದೆಂದು ಕಂಪನಿ ಹೇಳಿತು. ಒಂದು ಬುಧವಾರ ನಮ್ಮೆಲ್ಲರನ್ನೂ ಊಟದ ಕೋಣೆಗೆ ಕರೆದು, ಕೆಲಸ ಮುಗಿಯಿತೆಂಬ ಪತ್ರದ ಲಕೋಟೆ ಕೊಟ್ಟರು. ಕೊಡುವಾಗ ಮ್ಯಾನೇಜರಿಗೂ ತಮ್ಮ ಲಕೋಟೆ ಆಗಲೇ ಬಂದಿತ್ತೆಂದು ಆಮೇಲೆ ತಿಳಿಯಿತು.

ಫಿಲಿಪೀನ್ಸಿನ ಹೆಂಗಸು ಲಾಕರು ಖಾಲಿ ಮಾಡುತ್ತ ನನಗೆ ಕೇಳಿಸುವಂತೆ, “ಬಾಯಿ ಮುಚ್ಚಿಕೊಂಡಿದ್ದಿದ್ರೆ ಇನ್ನೆರಡು ವರ್ಷ ಇರ್ತಿತ್ತು,” ಎಂದಳು.

“ಹಣ್ಣಿನ ಫ್ಯಾಕ್ಟರಿನೂ ಹೋಯ್ತು, ಇದೂ ಹೋಯ್ತು. ಹೋಗೋದು ಹೋಗುತ್ತೆ,” ಎಂದು ಪಕ್ಕದ ಮೇಜಿನವಳು ಉತ್ತರ ಕೊಟ್ಟಳು. “ಹತ್ತು ತಿಂಗಳು ನನಗೆ ಬರಬೇಕಾದ್ದು ಬಂತು.”

ಇಬ್ಬರಲ್ಲಿ ಯಾರ ಮಾತು ಸರಿ ಎಂದು ನಾನು ಇವತ್ತಿಗೂ ಖಚಿತವಾಗಿ ಹೇಳಲಾರೆ. ಯಾರೂ ಬಾಯಿಬಿಡದ ಕಾರ್ಖಾನೆಗಳೂ ಆ ವರ್ಷಗಳಲ್ಲಿ ಅದೇ ಬೀದಿಯಿಂದ ಎದ್ದು ಹೋದದ್ದನ್ನು ಮಾತ್ರ ನೋಡಿದ್ದೇನೆ.

ಎಂಟು ತಿಂಗಳು ಮನೆಯಲ್ಲಿದ್ದೆ. ಆಮೇಲೆ ಸರ್ಕಾರಿ ಶಾಲೆಗಳ ಒಂದು ಆಫೀಸಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಅಲ್ಲಿ ಯೂನಿಯನ್ ಇತ್ತು, ಸಂಬಳದ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದಿತ್ತು. ಮೊದಲ ದಿನ ಅದನ್ನು ಗೋಡೆಯ ಮೇಲೆ ಕಂಡು ಸ್ವಲ್ಪ ಹೊತ್ತು ನಿಂತು ಓದಿದೆ. ಪಕ್ಕದ ಮೇಜಿನವಳು ಓಕ್ಲ್ಯಾಂಡಿನ ಒಂದು ಆಸ್ಪತ್ರೆಯ ಅಡುಗೆಮನೆಗೆ ಸೇರಿದಳು. ಕೆಲವು ವರ್ಷ ಫೋನಿನಲ್ಲಿ ಮಾತಾಡುತ್ತಿದ್ದೆವು. ಅವಳು ಅಲ್ಲೂ ಯಾವುದೋ ಸಮಿತಿಯಲ್ಲಿದ್ದಳು. ಆಮೇಲೆ ಅವಳು ಮನೆ ಬದಲಾಯಿಸಿದಳು, ನಾವೂ ಬದಲಾಯಿಸಿದೆವು, ಮಾತು ಬಿಟ್ಟುಹೋಯಿತು.

ದಶಕದ ಕೊನೆಯ ಹೊತ್ತಿಗೆ ಇಬ್ಬರೂ ಸಿಟಿಜನ್ ಆದೆವು. ಮೊದಲ ಅಧ್ಯಕ್ಷೀಯ ಚುನಾವಣೆಗೆ ಓಟು ಹಾಕಲು ಒಟ್ಟಿಗೆ ಹೋದೆವು. ಮತಗಟ್ಟೆ ಇದ್ದದ್ದು ನಮ್ಮ ಬೀದಿಯಲ್ಲೇ, ಒಬ್ಬರ ಮನೆಯ ಗರಾಜಿನಲ್ಲಿ. ಹುಲ್ಲು ಕತ್ತರಿಸುವ ಯಂತ್ರವನ್ನು ಮೂಲೆಗೆ ಸರಿಸಿ ಮಡಿಸುವ ಮೇಜು ಹಾಕಿದ್ದರು. ಮಗಳೂ ಜೊತೆಗೆ ಬಂದಿದ್ದಳು. ಮುಗಿಸಿ ಹೊರಗೆ ಬಂದ ಮೇಲೆ ಇವರು, “ನೀನು ಯೂನಿಯನ್ ಕಡೆಯವರಿಗೆ ಹಾಕಿದೆ, ಅಲ್ವಾ?” ಎಂದು ಕೇಳಿದರು.

“ಹೂಂ. ನೀವು?”

“ಈಗಿನ ಅಧ್ಯಕ್ಷರ ಪಕ್ಷಕ್ಕೆ. ಟ್ಯಾಕ್ಸ್ ನೋಡು, ಎಷ್ಟಾಗಿದೆ.” ಸ್ವಲ್ಪ ದೂರ ನಡೆದ ಮೇಲೆ, “ಹಾಗಾದ್ರೆ ನಮ್ಮನೆಯಿಂದ ಸೊನ್ನೆ,” ಎಂದು ನಕ್ಕರು.

“ದೆನ್ ವೈ ಡಿಡ್ ಯೂ ಬೋತ್ ಗೋ?” ಎಂದು ಮಗಳು ಕೇಳಿದಳು. ಇವರು ಅವಳಿಗೆ ಏನೋ ವಿವರಿಸುತ್ತ ಮುಂದೆ ಹೋದರು.

ನಾನು ಓಟು ಹಾಕಿದವರು ಆ ಸಲ ಸೋತರು. ಮಾರನೆಯ ಬೆಳಿಗ್ಗೆ ಆಫೀಸಿನಲ್ಲಿ ನಮ್ಮ ಯೂನಿಯನ್ನಿನ ಹೆಂಗಸು ಒಂದು ಕಾಗದ ಹಿಡಿದುಕೊಂಡು ಮೇಜಿನಿಂದ ಮೇಜಿಗೆ ಬರುತ್ತಿದ್ದಳು. ಶಾಲೆಯ ಅಡುಗೆಯವರಿಗೆ ಬೇಸಿಗೆ ರಜೆಯ ಸಂಬಳ ಕೊಡಬೇಕೆಂಬ ಅರ್ಜಿ. ಓದಿ, ಸಹಿ ಹಾಕಿ, ಮುಂದಿನ ಮೇಜಿಗೆ ಕೊಟ್ಟೆ.